ಬೊಕ್ಕಸ ಕಾದ ಮೌನಿ ಕ್ಯಾಲ್ವಿನ್ ಕೂಲಿಜ್

1923ರ ಆಗಸ್ಟ್ 3, ಬೆಳಗಿನ ಜಾವ 2 ಗಂಟೆ 47 ನಿಮಿಷ. ಅಮೆರಿಕದ ಈಶಾನ್ಯ ಭಾಗದ ವರ್ಮಾಂಟ್ ರಾಜ್ಯದಲ್ಲಿ ಪ್ಲಿಮತ್ ನಾಚ್ ಎಂಬ ಪುಟ್ಟ ಹಳ್ಳಿ. ಅಲ್ಲಿನ ಮನೆಯೊಂದರ ನಡುಮನೆಯಲ್ಲಿ ಸೀಮೆಎಣ್ಣೆ ದೀಪ ಉರಿಯುತ್ತಿತ್ತು. ನೋಟರಿಯಾಗಿದ್ದ 78ರ ವೃದ್ಧರೊಬ್ಬರು ತಮ್ಮ ಮಗನಿಗೆ ರಾಷ್ಟ್ರಾಧ್ಯಕ್ಷ ಪದವಿಯ ಪ್ರಮಾಣವಚನ ಬೋಧಿಸಿದರು. ಕೆಲವೇ ಗಂಟೆಗಳ ಹಿಂದೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅಧ್ಯಕ್ಷ ವಾರನ್ ಹಾರ್ಡಿಂಗ್ ನಿಧನರಾಗಿದ್ದರು. ಉಪಾಧ್ಯಕ್ಷರಾಗಿದ್ದ ಮಗ ಪ್ರಮಾಣ ಸ್ವೀಕರಿಸಿ, ದೀಪ ಆರಿಸಿ, ಮತ್ತೆ ಮಲಗಲು ಹೋದರು. ಅವರೇ ಅಮೆರಿಕದ 30ನೇ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್.

ಆಡಂಬರವಿಲ್ಲದ ಆ ಆರಂಭವೇ ಮುಂದಿನ ಐದೂವರೆ ವರ್ಷಗಳ ಆಡಳಿತದ ಮುನ್ಸೂಚನೆಯಾಗಿತ್ತು. ಹೊಸ ಯೋಜನೆಗಳನ್ನು ಘೋಷಿಸಿ ಹೆಸರು ಮಾಡಿದ ಅಧ್ಯಕ್ಷರು ಅನೇಕರು. ಕೂಲಿಜ್ ಹೆಸರು ಮಾಡಿದ್ದು ಯೋಜನೆಗಳನ್ನು ತಡೆದು. ಸರ್ಕಾರದ ಪ್ರತಿಯೊಂದು ಡಾಲರ್ ಕೂಡ ಯಾರದೋ ಬೆವರಿನ ಫಲ, ಅದನ್ನು ಉಳಿಸುವುದು ಲೆಕ್ಕಪತ್ರದ ಕೆಲಸವಷ್ಟೇ ಅಲ್ಲ, ನೈತಿಕ ಕರ್ತವ್ಯ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಆ ನಂಬಿಕೆಯನ್ನು ಹಿಡಿದು ಅವರು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನೊಂದಿಗೆ ನಡೆಸಿದ ಸೆಣಸಾಟ, ಅದರ ಗೆಲುವು ಮತ್ತು ಅದಕ್ಕೆ ಇತರರು ತೆತ್ತ ಬೆಲೆ, ಇವು ಮೂರೂ ಸೇರಿದರೆ ಮಾತ್ರ ಅವರ ಬದುಕಿನ ಚಿತ್ರ ಪೂರ್ಣವಾಗುತ್ತದೆ.

ಅಂಗಡಿಯ ಮಗ

ಕೂಲಿಜ್ ಜನಿಸಿದ್ದು 1872ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ. ತಂದೆ ಜಾನ್ ಹಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಕೃಷಿಕರು. ರಾಜ್ಯದ ಶಾಸನಸಭೆಯಲ್ಲೂ ಕುಳಿತವರು. ಬೆಟ್ಟದ ನಾಡಿನ ಕಲ್ಲುನೆಲ, ದೀರ್ಘ ಚಳಿಗಾಲ. ಬೆಳೆದದ್ದನ್ನು ಅಳೆದು ಬಳಸಬೇಕಾದ ಬದುಕು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬುದು ಅಲ್ಲಿ ಉಪದೇಶವಾಗಿರಲಿಲ್ಲ, ದಿನನಿತ್ಯದ ಅಗತ್ಯವಾಗಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಕೂಲಿಜ್ ತಾಯಿಯನ್ನು ಕಳೆದುಕೊಂಡರು. ಐದು ವರ್ಷಗಳ ನಂತರ ಒಬ್ಬಳೇ ತಂಗಿ ಅಬಿಗೇಲ್ ಕೂಡ ತೀರಿಕೊಂಡಳು. ಮಿತಭಾಷಿಯಾಗಿದ್ದ ಬಾಲಕ ಇನ್ನಷ್ಟು ಮೌನಿಯಾದ.

1895ರಲ್ಲಿ ಆಮ್ಹರ್ಸ್ಟ್ ಕಾಲೇಜಿನಿಂದ ಪದವಿ ಪಡೆದ ಕೂಲಿಜ್, ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತಾಂಪ್ಟನ್ ಪಟ್ಟಣದಲ್ಲಿ ವಕೀಲರ ಕಚೇರಿಯೊಂದನ್ನು ಸೇರಿ ಕಾನೂನು ಕಲಿತರು. 1905ರಲ್ಲಿ, ಕಿವುಡ ಮಕ್ಕಳ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ಗ್ರೇಸ್ ಗುಡ್‌ಹ್ಯೂ ಅವರನ್ನು ವಿವಾಹವಾದರು. ಪತಿ ಎಷ್ಟು ಮೌನಿಯೋ ಪತ್ನಿ ಅಷ್ಟೇ ಸ್ನೇಹಶೀಲೆ. ದಂಪತಿಗೆ ಜಾನ್ ಮತ್ತು ಕ್ಯಾಲ್ವಿನ್ ಎಂಬ ಇಬ್ಬರು ಗಂಡುಮಕ್ಕಳು. ಎರಡು ಸಂಸಾರಗಳಿದ್ದ ಕಟ್ಟಡದ ಅರ್ಧಭಾಗವನ್ನು ಬಾಡಿಗೆಗೆ ಹಿಡಿದು ಅವರು ವರ್ಷಾನುಗಟ್ಟಲೆ ಅಲ್ಲೇ ವಾಸಿಸಿದರು.

ನಗರಸಭೆಯ ಸದಸ್ಯ, ಮೇಯರ್, ರಾಜ್ಯದ ಶಾಸಕ, ಸೆನೆಟ್ ಅಧ್ಯಕ್ಷ, ಉಪ ರಾಜ್ಯಪಾಲ, ಹೀಗೆ ಒಂದು ಮೆಟ್ಟಿಲನ್ನೂ ತಪ್ಪಿಸದೆ ಏರಿ 1919ರಲ್ಲಿ ಅವರು ಮ್ಯಾಸಚೂಸೆಟ್ಸ್‌ನ ರಾಜ್ಯಪಾಲರಾದರು. ಅಲ್ಲಿ ರಾಜ್ಯಪಾಲರೆಂದರೆ ಜನರಿಂದಲೇ ಆಯ್ಕೆಯಾಗುವ ಆಡಳಿತದ ಮುಖ್ಯಸ್ಥರು. ಶಾಸಕರು ತಮ್ಮ ಸಂಬಳವನ್ನು ಶೇ 50ರಷ್ಟು ಏರಿಸಿಕೊಂಡು ಕಳಿಸಿದ ಮಸೂದೆಯನ್ನು ಅವರು ತಿರಸ್ಕರಿಸಿದರು. ಅದೇ ವರ್ಷ ಬಾಸ್ಟನ್ ಪೊಲೀಸರು ಮುಷ್ಕರ ಹೂಡಿದಾಗ ತಳೆದ ಕಠಿಣ ನಿಲುವು ಅವರನ್ನು ರಾಷ್ಟ್ರದಾದ್ಯಂತ ಪರಿಚಯಿಸಿತು. 1920ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷರಾಗಿ ಅವರು ಗೆದ್ದರು.

ಯುದ್ಧದ ಸಾಲ, ಹೊಸ ಕಾಯ್ದೆ

ಮೊದಲ ಮಹಾಯುದ್ಧ ಅಮೆರಿಕದ ಲೆಕ್ಕಪುಸ್ತಕವನ್ನೇ ಬದಲಿಸಿತ್ತು. ಯುದ್ಧಕ್ಕೆ ಮುನ್ನ ಸುಮಾರು 120 ಕೋಟಿ ಡಾಲರ್ ಇದ್ದ ರಾಷ್ಟ್ರದ ಸಾಲ, ಯುದ್ಧಾನಂತರ 2,500 ಕೋಟಿ ಡಾಲರ್ ದಾಟಿತ್ತು. ಆದಾಯ ತೆರಿಗೆಯ ಗರಿಷ್ಠ ದರ ಶೇ 77ಕ್ಕೆ ಏರಿತ್ತು. ಆದರೆ ಖರ್ಚನ್ನು ಒಟ್ಟಾಗಿ ನೋಡುವ ವ್ಯವಸ್ಥೆಯೇ ಇರಲಿಲ್ಲ. ಪ್ರತಿಯೊಂದು ಇಲಾಖೆಯೂ ತನಗೆ ಬೇಕಾದ ಹಣದ ಪಟ್ಟಿ ತಯಾರಿಸುತ್ತಿತ್ತು. ಅಧ್ಯಕ್ಷರ ಪರಿಶೀಲನೆಯಿಲ್ಲದೆ ಅವು ಕಾಂಗ್ರೆಸ್ ತಲುಪುತ್ತಿದ್ದವು.

1921ರ ಜೂನ್‌ನಲ್ಲಿ ಹಾರ್ಡಿಂಗ್ ಸಹಿ ಹಾಕಿದ ಮುಂಗಡಪತ್ರ ಮತ್ತು ಲೆಕ್ಕಪತ್ರ ಕಾಯ್ದೆ ಈ ಪದ್ಧತಿಗೆ ಕೊನೆ ಹಾಡಿತು. ಇಡೀ ಸರ್ಕಾರಕ್ಕೆ ಒಂದೇ ಮುಂಗಡಪತ್ರ, ಅದನ್ನು ಮಂಡಿಸುವ ಹೊಣೆ ಅಧ್ಯಕ್ಷರದು ಎಂದಾಯಿತು. ಅದಕ್ಕೆ ನೆರವಾಗಲು ಬಜೆಟ್ ಬ್ಯೂರೊ ಹುಟ್ಟಿತು. ಮೊದಲ ನಿರ್ದೇಶಕ ಚಾರ್ಲ್ಸ್ ಡಾವ್ಸ್, ಅನಂತರ 1922ರಿಂದ ಹರ್ಬರ್ಟ್ ಲಾರ್ಡ್. ಉಪಾಧ್ಯಕ್ಷರಾಗಿ ಸಚಿವ ಸಂಪುಟದ ಸಭೆಗಳಲ್ಲಿ ಕುಳಿತು ಇದೆಲ್ಲವನ್ನೂ ಗಮನಿಸಿದ ಕೂಲಿಜ್, ಅಧ್ಯಕ್ಷರಾದ ಮೇಲೆ ಈ ಕಾಯ್ದೆಯನ್ನೇ ತಮ್ಮ ಮುಖ್ಯ ಆಯುಧ ಮಾಡಿಕೊಂಡರು.

ಲಾರ್ಡ್ ಅವರೊಂದಿಗೆ ನಿಯಮಿತವಾಗಿ ಕುಳಿತು ಇಲಾಖೆಗಳ ಬೇಡಿಕೆಗಳನ್ನು ಒಂದೊಂದಾಗಿ ಕತ್ತರಿಸುವುದು ಅವರಿಗೆ ಪ್ರಿಯವಾದ ಕೆಲಸವಾಗಿತ್ತು. ವರ್ಷಕ್ಕೆರಡು ಬಾರಿ ಹಿರಿಯ ಅಧಿಕಾರಿಗಳನ್ನೆಲ್ಲ ಸಭಾಂಗಣವೊಂದರಲ್ಲಿ ಸೇರಿಸಿ ಅಧ್ಯಕ್ಷರೇ ಮಿತವ್ಯಯದ ಪಾಠ ಹೇಳುತ್ತಿದ್ದರು. ಹೊಸ ಪೆನ್ಸಿಲ್ ಬೇಕೆಂದರೆ ಹಳೆಯದರ ತುಂಡನ್ನು ಮರಳಿಸಬೇಕೆಂಬ ನಿಯಮ ಕಚೇರಿಗಳಲ್ಲಿ ಬಂತು. ಪತ್ರಿಕೆಗಳು ನಕ್ಕವು. ಕೂಲಿಜ್ ನಗಲಿಲ್ಲ. ಪೆನ್ಸಿಲ್ಲಿನಿಂದ ಉಳಿಯುವ ಹಣಕ್ಕಿಂತ, ಪೆನ್ಸಿಲ್ ಉಳಿಸಬೇಕೆಂಬ ಅಭ್ಯಾಸ ಅವರಿಗೆ ಮುಖ್ಯವಾಗಿತ್ತು. ಶ್ವೇತಭವನದ ಅಡುಗೆಮನೆಯ ಖರ್ಚನ್ನೂ ಅವರು ತಾವೇ ಪರಿಶೀಲಿಸುತ್ತಿದ್ದರು.

ಮಣಿಯದ ಕಾಂಗ್ರೆಸ್

ಇಲಾಖೆಗಳು ಅಧ್ಯಕ್ಷರ ಅಧೀನ. ಕಾಂಗ್ರೆಸ್ ಹಾಗಲ್ಲ. ನಮ್ಮ ಸಂಸದೀಯ ಪದ್ಧತಿಯಲ್ಲಿ ಮುಂಗಡಪತ್ರ ಸೋತರೆ ಸರ್ಕಾರವೇ ಬೀಳುತ್ತದೆ. ಆದ್ದರಿಂದ ಆಳುವ ಪಕ್ಷದ ಸದಸ್ಯರು ಸರ್ಕಾರದೊಂದಿಗೆ ನಿಲ್ಲುತ್ತಾರೆ. ಅಮೆರಿಕದಲ್ಲಿ ಅಂಥ ಬಂಧನವಿಲ್ಲ. ಅಧ್ಯಕ್ಷರು ಕಳಿಸಿದ ಮುಂಗಡಪತ್ರ ಒಂದು ಸಲಹೆ ಮಾತ್ರ. ಹಣ ಮಂಜೂರು ಮಾಡುವ ಅಧಿಕಾರ ಕಾಂಗ್ರೆಸ್‌ನದು. ಮಸೂದೆಯೊಂದರಲ್ಲಿ ತಮಗೊಲ್ಲದ ಒಂದು ಬಾಬನ್ನು ಮಾತ್ರ ಹೊಡೆದುಹಾಕಲು ಅಧ್ಯಕ್ಷರಿಗೆ ಅಧಿಕಾರವಿಲ್ಲ. ಇಡಿಯಾಗಿ ಒಪ್ಪಬೇಕು, ಇಲ್ಲವೇ ಇಡಿಯಾಗಿ ತಿರಸ್ಕರಿಸಬೇಕು. ತಿರಸ್ಕರಿಸಿದರೂ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಿದ್ದರೆ ಮಸೂದೆ ಕಾನೂನಾಗುತ್ತದೆ.

1923ರ ಡಿಸೆಂಬರ್‌ನಲ್ಲಿ ಸೇರಿದ ಕಾಂಗ್ರೆಸ್‌ನಲ್ಲಿ ರಿಪಬ್ಲಿಕನ್ನರಿಗೆ ಹೆಸರಿಗೆ ಮಾತ್ರ ಬಹುಮತವಿತ್ತು. ವಿಸ್ಕಾನ್ಸಿನ್‌ನ ಸೆನೆಟರ್ ರಾಬರ್ಟ್ ಲಾ ಫಾಲೆಟ್, ನೆಬ್ರಾಸ್ಕಾದ ಜಾರ್ಜ್ ನಾರಿಸ್ ಮೊದಲಾದ ಪ್ರಗತಿಪರರು ಸ್ವಪಕ್ಷದ ನಾಯಕತ್ವಕ್ಕೆ ತಲೆಬಾಗಲಿಲ್ಲ. ಪ್ರತಿನಿಧಿ ಸಭೆ ತನ್ನ ಸ್ಪೀಕರನ್ನು ಆರಿಸಲು ಒಂಬತ್ತು ಬಾರಿ ಮತ ಹಾಕಬೇಕಾಯಿತು. ಇಂಥ ಸಭೆಯ ಮುಂದೆ ಕೂಲಿಜ್ ಚೌಕಾಶಿಗೆ ಇಳಿಯಲಿಲ್ಲ. ಆಮಿಷ ಒಡ್ಡಲಿಲ್ಲ, ಬೆದರಿಸಲೂ ಇಲ್ಲ. ಅವರ ತಂತ್ರ ಸರಳವಾಗಿತ್ತು: ಖರ್ಚು ಇಳಿದರೆ ತೆರಿಗೆ ಇಳಿಯುತ್ತದೆ ಎಂಬ ಒಂದೇ ಮಾತನ್ನು ಜನರಿಗೆ ಮತ್ತೆ ಮತ್ತೆ ಮುಟ್ಟಿಸುವುದು, ಮಸೂದೆ ಬಂದಾಗ ತಿರಸ್ಕರಿಸುವುದು, ಅನಂತರ ಸುಮ್ಮನಿರುವುದು. ಅವರ ವಾರ್ಷಿಕ ಭಾಷಣ ರೇಡಿಯೊದಲ್ಲಿ ಕೇಳಿಬಂತು. ಮೌನಿ ಎಂದು ಹೆಸರಾದ ಈ ಅಧ್ಯಕ್ಷರು ವಾರಕ್ಕೆರಡು ಬಾರಿ ಪತ್ರಕರ್ತರನ್ನು ಭೇಟಿಯಾಗಿ, ಮುಂಚಿತವಾಗಿ ಬರೆದುಕೊಟ್ಟ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು.

1924ರ ಮೇ ತಿಂಗಳು ಈ ತಂತ್ರದ ಮೊದಲ ದೊಡ್ಡ ಪರೀಕ್ಷೆ. ಹಳೆಯ ಯುದ್ಧಗಳ ಯೋಧರಿಗೆ ಪಿಂಚಣಿ ಹೆಚ್ಚಿಸುವ ಮಸೂದೆಯನ್ನು ಅವರು ತಿರಸ್ಕರಿಸಿದರು. ಸೆನೆಟ್‌ನಲ್ಲಿ ಆ ತಿರಸ್ಕಾರ ಉಳಿದುಕೊಂಡದ್ದು ಒಂದೇ ಒಂದು ಮತದಿಂದ. ಅದರ ಬೆನ್ನಲ್ಲೇ ಮಹಾಯುದ್ಧದ ಯೋಧರಿಗೆ ಬೋನಸ್ ನೀಡುವ ಮಸೂದೆ ಬಂತು. ಸ್ವದೇಶದಲ್ಲಿ ಸೇವೆ ಸಲ್ಲಿಸಿದ ದಿನಕ್ಕೆ 1 ಡಾಲರ್, ವಿದೇಶದಲ್ಲಾದರೆ ದಿನಕ್ಕೆ 1.25 ಡಾಲರ್ ಎಂಬ ಲೆಕ್ಕ. ಬಹುತೇಕರಿಗೆ ಕೈಗೆ ಸಿಗುವುದು 20 ವರ್ಷಗಳ ನಂತರ. ಆರೋಗ್ಯವಂತ ಯೋಧನ ದೇಶಸೇವೆಗೆ ಬೆಲೆ ಕಟ್ಟುವುದು ಸರಿಯಲ್ಲ, ಬೊಕ್ಕಸಕ್ಕೂ ಅದು ಭಾರ ಎಂದು ಕೂಲಿಜ್ ಮೇ 15ರಂದು ಅದನ್ನು ತಿರಸ್ಕರಿಸಿದರು. ನಾಲ್ಕೇ ದಿನಗಳಲ್ಲಿ ಕಾಂಗ್ರೆಸ್ ಆ ತಿರಸ್ಕಾರವನ್ನು ಮೀರಿ ಮಸೂದೆಯನ್ನು ಕಾನೂನು ಮಾಡಿತು. ಅದರ ಪರವಾಗಿ ಮತ ಹಾಕಿದವರಲ್ಲಿ ಅವರದೇ ಪಕ್ಷದವರು ಬಹಳಷ್ಟಿದ್ದರು.

ತೆರಿಗೆಯಲ್ಲೂ ಅರ್ಧ ಸೋಲು. ಹಣಕಾಸು ಕಾರ್ಯದರ್ಶಿ ಆಂಡ್ರೂ ಮೆಲನ್ ಗರಿಷ್ಠ ದರವನ್ನು ಶೇ 25ರ ಮಟ್ಟಕ್ಕೆ ಇಳಿಸಬಯಸಿದ್ದರು. ಕಾಂಗ್ರೆಸ್ ಅದನ್ನು ಶೇ 58ರಿಂದ 46ಕ್ಕೆ ಮಾತ್ರ ಇಳಿಸಿತು. ಜೊತೆಗೆ ಯಾರು ಎಷ್ಟು ತೆರಿಗೆ ಕಟ್ಟಿದರೆಂಬುದನ್ನು ಬಹಿರಂಗಪಡಿಸುವ ನಿಯಮ ಸೇರಿಸಿತು. ಕೂಲಿಜ್ ಅಸಮಾಧಾನದಿಂದಲೇ ಸಹಿ ಹಾಕಿದರು. ಅಂಚೆ ನೌಕರರ ಸಂಬಳ ಏರಿಕೆಗೆ ಹಣದ ಮೂಲ ತೋರಿಸಿಲ್ಲವೆಂದು ಆ ಮಸೂದೆಯನ್ನು ಹಿಂದಿರುಗಿಸಿದರು. ಮರುವರ್ಷ ಅಂಚೆ ದರವನ್ನೂ ಏರಿಸಿ ಕಾಂಗ್ರೆಸ್ ಹೊಸ ಮಸೂದೆ ಕಳಿಸಿದಾಗ ಸಹಿ ಹಾಕಿದರು. ಕೊಡುವುದಾದರೆ ಎಲ್ಲಿಂದ ತಂದು ಕೊಡುತ್ತೀರಿ ಎಂಬುದೇ ಅವರ ನಿರಂತರ ಪ್ರಶ್ನೆಯಾಗಿತ್ತು.

ಶ್ವೇತಭವನದಲ್ಲಿ ಸಾವು

ಆ ಬೇಸಿಗೆಯಲ್ಲೇ ಅವರ ಮನೆಗೆ ಸಿಡಿಲು ಬಡಿಯಿತು. 16 ವರ್ಷದ ಕಿರಿಯ ಮಗ ಕ್ಯಾಲ್ವಿನ್ ಕಾಲುಚೀಲವಿಲ್ಲದೆ ಟೆನಿಸ್ ಆಡಿದ್ದ. ಕಾಲ್ಬೆರಳಿನಲ್ಲಿ ಎದ್ದ ಬೊಕ್ಕೆ ನಂಜಾಗಿ ರಕ್ತಕ್ಕೆ ಸೇರಿತು. ಪೆನಿಸಿಲಿನ್ ಇನ್ನೂ ಪತ್ತೆಯಾಗಿರದ ಕಾಲ. 1924ರ ಜುಲೈ 7ರಂದು ಬಾಲಕ ಕೊನೆಯುಸಿರೆಳೆದ. ಅಧಿಕಾರದ ವೈಭವವೆಲ್ಲ ಮಗನೊಂದಿಗೇ ಹೋಯಿತೆಂಬ ಭಾವವನ್ನು ಕೂಲಿಜ್ ಮುಂದೆ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಅನಂತರದ ಅವರ ಉತ್ಸಾಹಹೀನತೆಗೆ ಈ ದುಃಖವೇ ಕಾರಣವೆಂದು ಹಲವು ಇತಿಹಾಸಕಾರರು ವಾದಿಸುತ್ತಾರೆ.

ನವೆಂಬರ್‌ನ ಚುನಾವಣೆಯಲ್ಲಿ ಜನ ಅವರನ್ನು ಕೈಬಿಡಲಿಲ್ಲ. ಶೇ 54ರಷ್ಟು ಮತ, 382 ಚುನಾಯಕ ಮತಗಳು ದೊರೆತವು. ಡೆಮಾಕ್ರಟಿಕ್ ಪಕ್ಷದ ಜಾನ್ ಡೇವಿಸ್ 136ಕ್ಕೆ ನಿಂತರು. ಮೂರನೆಯ ಅಭ್ಯರ್ಥಿಯಾಗಿ ನಿಂತ ಲಾ ಫಾಲೆಟ್ ತಮ್ಮ ರಾಜ್ಯವೊಂದನ್ನು ಮಾತ್ರ ಗೆದ್ದರು.

ಉಪಾಹಾರ ಮತ್ತು ವಿಟೊ

ಭಾರಿ ಗೆಲುವಿನ ನಂತರವೂ ಸೆನೆಟ್ ಪಳಗಲಿಲ್ಲ. 1925ರ ಮಾರ್ಚ್‌ನಲ್ಲಿ ಅಟಾರ್ನಿ ಜನರಲ್ ಹುದ್ದೆಗೆ ಕೂಲಿಜ್ ಹೆಸರಿಸಿದ ಚಾರ್ಲ್ಸ್ ವಾರನ್ ಅವರ ನೇಮಕ ಮತಕ್ಕೆ ಬಂತು. ಮತಗಳು ಸಮವಾದವು. ಅಂಥ ಸಂದರ್ಭದಲ್ಲಿ ಉಪಾಧ್ಯಕ್ಷರು ನಿರ್ಣಾಯಕ ಮತ ಹಾಕಬೇಕು. ಆಗ ಉಪಾಧ್ಯಕ್ಷರಾಗಿದ್ದವರು ಹಿಂದೆ ಬಜೆಟ್ ಬ್ಯೂರೊದ ಮೊದಲ ನಿರ್ದೇಶಕರಾಗಿದ್ದ ಅದೇ ಡಾವ್ಸ್. ಅಂದು ಮತದಾನ ನಡೆಯದೆಂದು ತಿಳಿದು ಅವರು ಹೋಟೆಲಿಗೆ ಹೋಗಿ ವಿಶ್ರಮಿಸುತ್ತಿದ್ದರು. ಓಡಿ ಬರುವಷ್ಟರಲ್ಲಿ ನೇಮಕ ಬಿದ್ದುಹೋಗಿತ್ತು. ಮತ್ತೊಮ್ಮೆ ಅದೇ ಹೆಸರು ಕಳಿಸಿದಾಗಲೂ ಸೆನೆಟ್ ಒಪ್ಪಲಿಲ್ಲ.

ಶಾಸಕರೊಂದಿಗೆ ಸಂಬಂಧ ಸುಧಾರಿಸಲು ಕೂಲಿಜ್ ಕಂಡುಕೊಂಡ ದಾರಿ ಬೆಳಗಿನ ಉಪಾಹಾರ. ಸೆನೆಟರ್‌ಗಳನ್ನು, ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆದು ಪ್ಯಾನ್‌ಕೇಕ್, ಸಾಸೇಜ್, ವರ್ಮಾಂಟ್‌ನ ಮೇಪಲ್ ಪಾಕ ಬಡಿಸಲಾಗುತ್ತಿತ್ತು. ರಾಜಕೀಯದ ಮಾತು ಬರಬಹುದೆಂದು ಕಾದವರು ತಟ್ಟೆ ಖಾಲಿ ಮಾಡಿ, ಅಷ್ಟೇ ಮೌನವಾಗಿ ಮರಳುತ್ತಿದ್ದರು.

ಆದರೆ ನಿರಾಕರಣೆಯ ಕಲೆಯಲ್ಲಿ ಅವರು ನಿಷ್ಣಾತರಾಗಿದ್ದರು. ಮಸೂದೆ ಕೈಸೇರಿದ ಹತ್ತು ದಿನಗಳೊಳಗೆ ಅಧಿವೇಶನ ಮುಗಿದರೆ, ಅಧ್ಯಕ್ಷರು ಸಹಿ ಹಾಕದೆ ಸುಮ್ಮನಿದ್ದರೂ ಮಸೂದೆ ಸಾಯುತ್ತದೆ. ಇದೇ ಪಾಕೆಟ್ ವಿಟೊ. ಇದನ್ನು ಮೀರಲು ಕಾಂಗ್ರೆಸ್‌ಗೆ ಅವಕಾಶವೇ ಇಲ್ಲ. ಮೌನವೇ ಸ್ವಭಾವವಾಗಿದ್ದವರಿಗೆ ಮೌನವೇ ಅಸ್ತ್ರವೂ ಆಯಿತು. ಅವರ ಒಟ್ಟು 50 ವಿಟೊಗಳಲ್ಲಿ 30 ಈ ಬಗೆಯವು. 50ರಲ್ಲಿ ಕಾಂಗ್ರೆಸ್ ಮೀರಲು ಸಾಧ್ಯವಾದದ್ದು ನಾಲ್ಕನ್ನು ಮಾತ್ರ. ಅವರ ಕಾಲದ ಒಂದು ಪಾಕೆಟ್ ವಿಟೊ ನ್ಯಾಯಾಲಯದ ಮೆಟ್ಟಿಲೇರಿದಾಗ, 1929ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಖರ್ಚು ಹಿಡಿತದಲ್ಲಿದ್ದುದರಿಂದ 1926ರಲ್ಲಿ ಮೆಲನ್ ಬಯಸಿದ ತೆರಿಗೆ ಕಾಯ್ದೆ ಸಾಧ್ಯವಾಯಿತು. ಗರಿಷ್ಠ ದರ ಶೇ 25ಕ್ಕೆ ಇಳಿಯಿತು. ವಿನಾಯಿತಿಯ ಮಿತಿ ಏರಿದ್ದರಿಂದ ಸಾಧಾರಣ ಆದಾಯದ ಅನೇಕರು ತೆರಿಗೆಯಿಂದಲೇ ಹೊರಬಂದರು. ಅದು ಅವರ ತಂತ್ರದ ಅತಿ ದೊಡ್ಡ ಗೆಲುವು. ಅದೇ ಮಾರ್ಚ್‌ನಲ್ಲಿ ಊರಲ್ಲಿ ಹಾಸಿಗೆ ಹಿಡಿದಿದ್ದ ತಂದೆಯನ್ನು ನೋಡಲು ಅವರು ಧಾವಿಸಿದರು. ತಲುಪುವಷ್ಟರಲ್ಲಿ, ಪ್ರಮಾಣವಚನ ಬೋಧಿಸಿದ್ದ ಆ ಹಿರಿಯ ಜೀವ ಹೊರಟುಹೋಗಿತ್ತು.

ಪ್ರವಾಹ ಎತ್ತಿದ ಪ್ರಶ್ನೆ

ನಿರಾಕರಣೆಗೆ ಒಂದು ಮಿತಿಯಿದೆಯೇ? ಈ ಪ್ರಶ್ನೆಯನ್ನು 1927 ತಂದಿತು. ಯುದ್ಧದ ನಂತರ ಕುಸಿದ ಕೃಷಿ ಬೆಲೆಗಳಿಂದ ರೈತರು ಚೇತರಿಸಿಕೊಂಡಿರಲಿಲ್ಲ. ನಗರಗಳಲ್ಲಿ ಮೋಟಾರು ಕಾರು, ರೇಡಿಯೊಗಳ ಸಂಭ್ರಮವಿದ್ದರೆ ಹಳ್ಳಿಗಳಲ್ಲಿ ಬ್ಯಾಂಕುಗಳು ಬಾಗಿಲು ಹಾಕುತ್ತಿದ್ದವು. ಹೆಚ್ಚುವರಿ ಫಸಲನ್ನು ಒಳ್ಳೆಯ ಬೆಲೆಗೆ ಕೊಂಡು, ವಿದೇಶದಲ್ಲಿ ಸಿಕ್ಕ ಬೆಲೆಗೆ ಮಾರಿ, ನಷ್ಟವನ್ನು ಬೆಳೆಗಾರರಿಂದಲೇ ಶುಲ್ಕವಾಗಿ ತುಂಬಿಕೊಳ್ಳುವ ಮ್ಯಾಕ್‌ನೆರಿ–ಹಾಗನ್ ಮಸೂದೆಯನ್ನು ಕಾಂಗ್ರೆಸ್ ಅಂಗೀಕರಿಸಿತು. ಬೆಲೆ ನಿಗದಿ ಸರ್ಕಾರದ ಕೆಲಸವಲ್ಲವೆಂದು, ಅದು ಉತ್ಪಾದನೆಯನ್ನು ಇನ್ನಷ್ಟು ಹೆಚ್ಚಿಸುವುದೆಂದು ಕೂಲಿಜ್ ಅದನ್ನು 1927ರಲ್ಲಿ ಒಮ್ಮೆ, 1928ರಲ್ಲಿ ಮತ್ತೊಮ್ಮೆ ತಿರಸ್ಕರಿಸಿದರು. ಅವರ ಆರ್ಥಿಕ ತರ್ಕದಲ್ಲಿ ಹುರುಳಿತ್ತು. ಆದರೆ ಪರ್ಯಾಯವಾಗಿ ರೈತನ ಕೈಗೆ ಅವರು ಕೊಟ್ಟದ್ದು ಬಹಳ ಕಡಿಮೆ.

ಅದೇ ವಸಂತದಲ್ಲಿ ಮಿಸಿಸಿಪ್ಪಿ ನದಿ ಒಡ್ಡುಗಳನ್ನು ಒಡೆದು ಹರಿಯಿತು. ಆರು ಲಕ್ಷಕ್ಕೂ ಹೆಚ್ಚು ಜನ ನಿರಾಶ್ರಿತರಾದರು. ಅವರಲ್ಲಿ ದೊಡ್ಡ ಪಾಲು ಕಪ್ಪು ಜನಾಂಗದ ಬಡ ಗೇಣಿದಾರರದು. ದಕ್ಷಿಣದ ರಾಜ್ಯಗಳ ನಾಯಕರು ಮತ್ತೆ ಮತ್ತೆ ಕರೆದರೂ ಅಧ್ಯಕ್ಷರು ಅಲ್ಲಿಗೆ ಹೋಗಲಿಲ್ಲ. ವಾಣಿಜ್ಯ ಕಾರ್ಯದರ್ಶಿ ಹರ್ಬರ್ಟ್ ಹೂವರ್ ಅವರನ್ನು ಕಳಿಸಿದರು. ಪರಿಹಾರ ಕಾರ್ಯ ಹೆಚ್ಚಾಗಿ ರೆಡ್ ಕ್ರಾಸ್‌ಗೆ ಬಂದ ದೇಣಿಗೆಯಿಂದ ನಡೆಯಿತು. ನವೆಂಬರ್‌ನಲ್ಲಿ ಅವರ ಹುಟ್ಟೂರಿನ ರಾಜ್ಯ ವರ್ಮಾಂಟ್ ಕೂಡ ಭೀಕರ ಪ್ರವಾಹಕ್ಕೆ ಸಿಕ್ಕಿತು. ಅಲ್ಲಿಗೂ ಅವರು ತಕ್ಷಣ ಹೋಗಲಿಲ್ಲ. ತನ್ನವರಿಗೊಂದು, ಪರರಿಗೊಂದು ನ್ಯಾಯ ಎಂಬ ಆಪಾದನೆಯಿಂದ ಅವರು ಪಾರಾದರು. ಆದರೆ ಸಂಕಟದಲ್ಲಿರುವ ಪ್ರಜೆಗೆ ರಾಷ್ಟ್ರದ ಮುಖ್ಯಸ್ಥನ ಇರವೇ ಒಂದು ಆಸರೆ ಎಂಬುದನ್ನು ಅವರು ಅರಿಯಲಿಲ್ಲ.

ನದಿಗೆ ಶಾಶ್ವತ ಕಟ್ಟುಪಾಡು ಮಾಡುವ ಮಸೂದೆ ಬಂದಾಗ ಖರ್ಚಿನಲ್ಲಿ ಸ್ಥಳೀಯರೂ ಪಾಲು ಹೊರಬೇಕೆಂದು ಕೂಲಿಜ್ ಪಟ್ಟು ಹಿಡಿದರು. ಸರ್ವಸ್ವ ಕಳೆದುಕೊಂಡವರು ಎಲ್ಲಿಂದ ತರಬೇಕೆಂದು ಕಾಂಗ್ರೆಸ್ ಕೇಳಿತು. ತಿಂಗಳುಗಟ್ಟಲೆ ಎಳೆದಾಡಿ, ಮೊತ್ತವನ್ನು 32.5 ಕೋಟಿ ಡಾಲರ್‌ಗೆ ಮಿತಿಗೊಳಿಸಿದ ಮಸೂದೆಗೆ 1928ರ ಮೇ 15ರಂದು ಅವರು ಸಹಿ ಹಾಕಿದರು. ಸ್ಥಳೀಯರ ಪಾಲಿನ ವಿಷಯದಲ್ಲಿ ಬಹುಮಟ್ಟಿಗೆ ಮಣಿಯಬೇಕಾದದ್ದು ಅವರೇ. ಕಾಂಗ್ರೆಸ್ ಎದುರು ನಿಲ್ಲಬಲ್ಲವರಾಗಿದ್ದ ಕೂಲಿಜ್ ಮಿಸಿಸಿಪ್ಪಿಯ ಎದುರು ಹಿಂದೆ ಸರಿದರು.

ಲೆಕ್ಕದ ಕೊನೆಯ ಸಾಲು

1927ರ ಆಗಸ್ಟ್ 2ರಂದು, ಅಧಿಕಾರಕ್ಕೇರಿ ನಾಲ್ಕು ವರ್ಷ ತುಂಬಿದಾಗ, ದಕ್ಷಿಣ ಡಕೋಟದಲ್ಲಿ ಬೇಸಿಗೆ ಕಳೆಯುತ್ತಿದ್ದ ಅವರು ಪತ್ರಕರ್ತರಿಗೆ ಪುಟ್ಟ ಚೀಟಿಗಳನ್ನು ಹಂಚಿದರು. 1928ರಲ್ಲಿ ತಾವು ಸ್ಪರ್ಧಿಸುವುದಿಲ್ಲವೆಂಬ ಒಂದೇ ಸಾಲು ಅದರಲ್ಲಿತ್ತು. ವಿವರಣೆ ಇರಲಿಲ್ಲ. ಪತ್ನಿಗೂ ಮುಂಚಿತವಾಗಿ ತಿಳಿಸಿರಲಿಲ್ಲ.

1929ರ ಮಾರ್ಚ್‌ನಲ್ಲಿ ಅವರು ಶ್ವೇತಭವನ ಬಿಟ್ಟಾಗ ಲೆಕ್ಕ ಹೀಗಿತ್ತು. 1923ರ ನಡುವಿನಲ್ಲಿ ಸುಮಾರು 2,230 ಕೋಟಿ ಡಾಲರ್ ಇದ್ದ ಸಾಲ, 1929ರ ನಡುವಿನ ವೇಳೆಗೆ ಸುಮಾರು 1,690 ಕೋಟಿಗೆ ಇಳಿಯಿತು. ಪ್ರತಿವರ್ಷವೂ ಮುಂಗಡಪತ್ರದಲ್ಲಿ ಉಳಿತಾಯವಿತ್ತು. ಒಂದು ಸೂಕ್ಷ್ಮವನ್ನು ಗಮನಿಸಬೇಕು. ಖರ್ಚಿನ ದೊಡ್ಡ ಕಡಿತ ಆದದ್ದು ಹಾರ್ಡಿಂಗ್ ಕಾಲದಲ್ಲಿ, ಸುಮಾರು 500 ಕೋಟಿಯಿಂದ 300 ಕೋಟಿ ಡಾಲರ್ ಆಸುಪಾಸಿಗೆ. ಕೂಲಿಜ್ ಮಾಡಿದ್ದು ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸಿದ್ದು. ಜನಸಂಖ್ಯೆ ಮತ್ತು ಸಂಪತ್ತು ಬೆಳೆಯುತ್ತಿದ್ದ ದೇಶದಲ್ಲಿ, ಪ್ರತಿವರ್ಷ ಹೊಸ ಬೇಡಿಕೆಗಳ ನಡುವೆ, ಇದು ಕಡಿತಕ್ಕಿಂತಲೂ ಕಷ್ಟದ ಕೆಲಸ.

ಅವರು ನಿರ್ಗಮಿಸಿದ ಏಳೇ ತಿಂಗಳಿಗೆ ಷೇರುಪೇಟೆ ಕುಸಿಯಿತು, ಮಹಾ ಆರ್ಥಿಕ ಕುಸಿತ ಆರಂಭವಾಯಿತು. ಅದರಲ್ಲಿ ಕೂಲಿಜ್ ಅವರ ಹೊಣೆ ಎಷ್ಟೆಂಬ ಚರ್ಚೆ ಮುಗಿದಿಲ್ಲ. 1932ರಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಮಾಜಿ ಯೋಧರು, 1924ರ ಕಾಯ್ದೆಯಂತೆ ತಮಗೆ ಬರಬೇಕಾದ ಬೋನಸನ್ನು ಈಗಲೇ ಕೊಡಿ ಎಂದು ರಾಜಧಾನಿಗೆ ಬಂದು ಬೀಡುಬಿಟ್ಟರು. ಸೈನ್ಯವೇ ಅವರನ್ನು ಚದುರಿಸಿತು. ಅಂದು ಕಡತದ ಮೇಲಿದ್ದ ಅಂಕಿಗಳು ಹಸಿದ ಮನುಷ್ಯರಾಗಿ ಬೀದಿಗಿಳಿದದ್ದನ್ನು ಕೂಲಿಜ್ ದೂರದಿಂದ ಕಂಡರು. 1933ರ ಜನವರಿ 5ರಂದು ನಾರ್ತಾಂಪ್ಟನ್‌ನ ಮನೆಯಲ್ಲಿ ಹೃದಯಾಘಾತದಿಂದ ನಿಧನರಾದರು. ವಯಸ್ಸು 60.

1981ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಸಚಿವ ಸಂಪುಟದ ಕೊಠಡಿಯಲ್ಲಿ ಕೂಲಿಜ್ ಭಾವಚಿತ್ರ ತೂಗುಹಾಕಿಸಿದರು. ತೆರಿಗೆ ಮತ್ತು ಖರ್ಚು ಕಡಿತದ ಪ್ರತಿಪಾದಕರಿಗೆ ಅವರು ಮತ್ತೆ ಆದರ್ಶವಾದರು. ಆದರೆ ಅವರ ಒಂದು ಗುಣ ಅನುಯಾಯಿಗಳಲ್ಲಿ ಅಪರೂಪ. ಮುಂದೆ 1970ರ ದಶಕದಲ್ಲಿ ರಿಚರ್ಡ್ ನಿಕ್ಸನ್, ಕಾಂಗ್ರೆಸ್ ಮಂಜೂರು ಮಾಡಿದ ಹಣವನ್ನು ಭಾರಿ ಪ್ರಮಾಣದಲ್ಲಿ ಖರ್ಚು ಮಾಡದೆ ತಡೆಹಿಡಿದು ಸಂಘರ್ಷಕ್ಕಿಳಿದರು. 1974ರಲ್ಲಿ ಕಾಂಗ್ರೆಸ್ ಕಾಯ್ದೆ ತಂದು ಅದಕ್ಕೆ ಕಡಿವಾಣ ಹಾಕಿತು. ಕೂಲಿಜ್ ತಮ್ಮ ನಿರಾಕರಣೆಯನ್ನು ಸಂವಿಧಾನ ಕೊಟ್ಟ ವಿಟೊ ದಾರಿಯಲ್ಲಿ ದಾಖಲಿಸಿದರು. ಬೋನಸ್ ವಿಷಯದಲ್ಲಿ ಸೋತಾಗ ಸೋಲನ್ನು ಒಪ್ಪಿ ಕಾನೂನನ್ನು ಜಾರಿಗೊಳಿಸಿದರು. ಇನ್ನೊಂದು ಕಡೆ, ಮಿತವ್ಯಯವನ್ನು ತಮ್ಮ ಮನೆಯಿಂದಲೇ ಆರಂಭಿಸಿದರು.

ಪ್ಲಿಮತ್ ನಾಚ್‌ನ ಬೆಟ್ಟದ ಇಳಿಜಾರಿನ ಸ್ಮಶಾನದಲ್ಲಿ, ತಂದೆ ಮತ್ತು ಮಗನ ಸಮೀಪದಲ್ಲಿ, ಅವರ ಸಮಾಧಿಗೆ ನಿಲ್ಲಿಸಿದ್ದು ಒಂದು ಸಾಧಾರಣ ಕಲ್ಲು. ಬೊಕ್ಕಸಕ್ಕೆ ಕಾವಲುಗಾರ ಬೇಕು ಎಂಬುದಕ್ಕೆ ಅವರ ಬದುಕು ಸಾಕ್ಷಿ. ಕಾವಲುಗಾರನು ಬಾಗಿಲಲ್ಲಿ ನಿಂತವರ ಮುಖವನ್ನೂ ನೋಡಬೇಕು ಎಂಬುದಕ್ಕೆ ಮಿಸಿಸಿಪ್ಪಿಯ ಒಡ್ಡುಗಳ ಮೇಲೆ ದಿನಗಟ್ಟಲೆ ನಿಂತ ಆ ಜನ ಸಾಕ್ಷಿ.